ಪಕ್ಕದ ಸೀಟಿನ ಗೋಧಿ ಮೂಟೆ

ಕಾರಿಟ್ಟುಕೊಂಡೂ ಗಿರಣಿ ಅಕ್ಕ ಆ ರಾತ್ರಿ ನಡೆದೇ ಮನೆಗೆ ಬಂದಳು. ಕೈಯಲ್ಲಿ ಕಾರಿನ ಕೀಲಿ. ಕಾಲಲ್ಲಿ ಒಂದೇ ಚಪ್ಪಲಿ. ಹಳೇ ಬಾವಿಯ ತಿರುವಿನಿಂದ ನಮ್ಮ ಬೀದಿಯವರೆಗೆ ದೀಪವಿಲ್ಲದ ರಸ್ತೆ... ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲವಂತೆ.

ಅವಳು ಹೆದರುವ ಜೀವವಲ್ಲ. ಗಂಡ ತೀರಿಕೊಂಡಾಗ ಹಿಟ್ಟಿನ ಗಿರಣಿ ಮಾರಿಬಿಡು ಎಂದವರ ಕಣ್ಣೆದುರೇ ಅದನ್ನು ನಡೆಸಿ ಮಗಳನ್ನು ನರ್ಸ್ ಮಾಡಿದವಳು. ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎನ್ನುವವಳು. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಇಲ್ಲದ್ದನ್ನು ಇದೆ ಅನ್ನುವ ಅಭ್ಯಾಸ ಅವಳಿಗಿಲ್ಲ.

ಕಾರು ಕೊಂಡದ್ದೇ ಮಗಳಿಗಾಗಿ. ಆಸ್ಪತ್ರೆಯ ಪಾಳಿ ಮುಗಿಯುವ ಹೊತ್ತಿಗೆ ಬಸ್ಸಿರುವುದಿಲ್ಲ. ಬ್ರೋಕರ್ ಹಿಡಿದು ಒಂದು ಹಳೇ ಕಾರು ತಂದಳು. ಮಗಳಿಗೆ ಲೈಸೆನ್ಸ್ ಸಿಗುವ ತನಕ ತಾನೇ ಹೋಗಿ ಕರೆತರುವುದು, ಆಮೇಲೆ ಮಗಳು ಒಬ್ಬಳೇ ಓಡಿಸಿಕೊಂಡು ಹೋಗಿಬರುವುದು ಅಂತ ಮಾತಾಗಿತ್ತು.

ಹೋಗುವಾಗ ಅಕ್ಕ ಒಬ್ಬಳೇ. ಬರುವಾಗ ಪಕ್ಕದಲ್ಲಿ ಮಗಳು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಆ ರಾತ್ರಿ, ಮೊದಲ ಸಲ ಕರೆತರಲು ಹೋಗುವಾಗ, ಬಾವಿಯ ತಿರುವಿನಲ್ಲಿ, ಸ್ಟೀರಿಂಗ್ ಎಡಕ್ಕೆ ಎಳೆಯಿತು. ಚಕ್ರ ಗುಂಡಿಗೆ ಬಿದ್ದಾಗ ಜಗ್ಗುತ್ತದಲ್ಲ, ಹಾಗಲ್ಲ. ಮೆಲ್ಲಗೆ... ಒಂದೇ ಸಮನೆ. ಅಕ್ಕ ಬಲಕ್ಕೆ ಹಿಡಿದಳು. ಅದು ಬಿಡಲಿಲ್ಲ. ಮೂಟೆ ಎತ್ತಿ ಪಳಗಿದ ತೋಳು ಅವಳದು. ಆ ತೋಳು ಸೋತಿತು. ಆಗ ಪಕ್ಕದ ಸೀಟಿನ ಮುಂದೆ, ಡ್ಯಾಶ್‌ಬೋರ್ಡಿನ ಮೇಲೆ... ಟಕ್. ಟಕ್. ಉಂಗುರ ತೊಟ್ಟ ಬೆರಳಿನಿಂದ ಬಡಿದ ಹಾಗೆ.

ಬ್ರೇಕ್ ಒತ್ತಿದಳು. ಬಂಪರ್ ಬಾವಿಯ ಕಟ್ಟೆಗೆ ಕರ್ರ್... ಎಂದು ಉಜ್ಜಿ ನಿಂತಿತು. ಸ್ಟೀರಿಂಗ್ ತಾನಾಗಿ ಹಗುರವಾಯಿತು, ಯಾರೋ ಕೈ ತೆಗೆದ ಹಾಗೆ. ಅಕ್ಕ ಇಳಿದವಳು ಮತ್ತೆ ಹತ್ತಲಿಲ್ಲ. ಮಗಳು ಆಟೋ ಮಾಡಿಕೊಂಡು ಬಂದಳು.

ಬೆಳಗಾದ ಮೇಲೆ ಅಕ್ಕನಿಗೆ ತನ್ನ ಮೇಲೇ ಸಿಟ್ಟು ಬಂತು. ಯಂತ್ರ ಅಂದಮೇಲೆ ಕೆಡುತ್ತದೆ, ಕೆಟ್ಟದ್ದಕ್ಕೆ ಕಾರಣ ಇರುತ್ತದೆ ಎಂದುಕೊಂಡು ಗ್ಯಾರೇಜಿಗೆ ಹೋದಳು.

ಮೊದಲನೆಯವನು ಟೈರಿನ ಗಾಳಿ ನೋಡಿದ, ಚಕ್ರಗಳ ಓರೆ ತೆಗೆದ. ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಾವಿಯ ತಿರುವಿನಲ್ಲೇ ಓಡಿಸಿ ತೋರಿಸಿದ. ಸ್ಟೀರಿಂಗಿನಿಂದ ಎರಡೂ ಕೈ ತೆಗೆದು, ನೋಡಿ ಮೇಡಂ, ಹಳಿ ಮೇಲೆ ಹೋದ ಹಾಗೆ ಹೋಗ್ತಿದೆ ಅಂದ. ಹೋಗುತ್ತಿತ್ತು ನಿಜವೇ. ರಾತ್ರಿ ಅವಳೊಬ್ಬಳೇ ಹೋದಳು... ಎಳೆಯಿತು. ಟಕ್. ಟಕ್.

ಎರಡನೆಯವನು ಚಕ್ರಕ್ಕೂ ಸ್ಟೀರಿಂಗಿಗೂ ನಡುವಿನ ರಾಡುಗಳು ಸವೆದಿವೆ ಅಂತ ಬದಲಾಯಿಸಿದ. ಅವನೂ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಓಡಿಸಿ ತೋರಿಸಿದ. ಕಾರು ಬಾಣದ ಹಾಗೆ ಹೋಯಿತು. ಆಮೇಲೆ ದೊಡ್ಡ ಗ್ಯಾರೇಜು. ಗಾಜಿನ ಕೋಣೆ, ತಣ್ಣನೆ ನೀರು, ಕುರ್ಚಿ ಎಲ್ಲಾ ಇತ್ತು. ಕಾರನ್ನು ಮೇಲಕ್ಕೆತ್ತಿ ಸ್ಟೀರಿಂಗಿನ ಅಡಿಯ ಇಡೀ ಜೋಡಣೆಯನ್ನೇ ಹೊಸದಾಗಿ ಹಾಕಿದರು. ಅಲ್ಲೂ ಅದೇ ಕತೆ. ಮತ್ತೆ ಹೋಗಿ ಕೇಳಿದ್ದಕ್ಕೆ ಸೂಪರ್‌ವೈಸರ್ ನಗುನಗುತ್ತಲೇ ಹೇಳಿದ, ಕಾರಲ್ಲಿ ಏನೂ ಇಲ್ಲ, ಹೆಂಗಸರು ಸ್ಟೀರಿಂಗ್ ಬಿಗಿಯಾಗಿ ಹಿಡ್ಕೊಳ್ತಾರೆ, ಅದರ ಭಾರಕ್ಕೆ ಎಳೆದ ಹಾಗೆ ಅನ್ನಿಸುತ್ತೆ ಅಂತ.

"ನನ್ನ ಗಿರಣಿ ಕಲ್ಲು ನಾನೇ ಬಿಚ್ಚಿ ಕೂರಿಸ್ತೀನಪ್ಪ. ಬಿಗಿ ಅಂದ್ರೆ ಏನು ಅಂತ ನಂಗೊತ್ತು" ಅಂದು ಎದ್ದು ಬಂದಳು. ಮಾತಿನಲ್ಲೇನೋ ಸೋಲಲಿಲ್ಲ. ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಸುಮ್ಮನೆ ಕೂತುಬಿಟ್ಟಳು. ಎಲ್ಲರಿಗೂ ನೆಟ್ಟಗೆ ಹೋಗುವ ಕಾರು ತನಗೊಬ್ಬಳಿಗೇ ಎಳೆದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಅಷ್ಟರಲ್ಲಿ ಮಗಳ ಲೈಸೆನ್ಸ್ ಬೇರೆ ಬಂದಿತ್ತು.

ಹೊಳೆದದ್ದು ಒಂದು ಮೂಟೆಯಿಂದ. ಆಸ್ಪತ್ರೆಯ ಹತ್ತಿರದ ಗಿರಾಕಿಗೆ ಮುಟ್ಟಿಸಬೇಕಾದ ಗೋಧಿ ಮೂಟೆ. ಡಿಕ್ಕಿಯ ಬಾಗಿಲು ಸಿಕ್ಕಿಕೊಂಡಿತ್ತು, ರಾತ್ರಿ ಹೋಗುವಾಗ ಪಕ್ಕದ ಸೀಟಿನಲ್ಲೇ ಹಾಕಿಕೊಂಡಳು. ಬಾವಿ ಬಂತು. ತಿರುವು ಬಂತು... ಏನೂ ಆಗಲಿಲ್ಲ.

ಅಕ್ಕ ಮೂಟೆ ನೋಡಿದಳು. ಮೆಕ್ಯಾನಿಕ್‌ಗಳ ಪಕ್ಕದಲ್ಲಿ ಕೂತಿದ್ದವಳು ತಾನು. ಬರುವಾಗ ಕೂರುತ್ತಿದ್ದವಳು ಮಗಳು. ಆ ಸೀಟು ಖಾಲಿ ಇದ್ದಾಗ ಮಾತ್ರ...

ಮರುದಿನ ಎರಡನೆಯ ಗ್ಯಾರೇಜಿನವನ ಹತ್ತಿರ ಹೋದಳು. ದಪ್ಪ ಕನ್ನಡಕದವನು, ಮಾತು ಕಡಿಮೆ. ಈ ಸಲ ನೀವೊಬ್ಬರೇ ಓಡಿಸಿ ಅಂದಳು. ಯಾಕೆ ಅಂತ ಹೇಳಲಿಲ್ಲ, ಟಕ್ ಟಕ್ ವಿಷಯವನ್ನಂತೂ ಎತ್ತಲೇ ಇಲ್ಲ. ಅವನು ಕೀಲಿ ಇಸಕೊಂಡು ಹೋದ. ಅಕ್ಕ ಶಟರಿನ ಕೆಳಗೆ ನಿಂತು ಕಾದಳು. ಕತ್ತಲಾಗುತ್ತಾ ಬಂತು.

ಅವನು ನಡೆದುಕೊಂಡು ಬಂದ. ಕೈಯಲ್ಲಿ ಕೀಲಿ.

ಇಬ್ಬರೂ ಬಾವಿಯ ತನಕ ಹೋದರು. ಅವನು ಪಕ್ಕದ ಸೀಟಿನ ಮುಂದಿನ ಮ್ಯಾಟ್ ಎತ್ತಿ, ಅದರಡಿಯ ಕಾರ್ಪೆಟ್ಟನ್ನೂ ಸರಿಸಿ ಟಾರ್ಚ್ ಹಿಡಿದ. ತಗಡಿನಲ್ಲಿ ಎರಡು ತೂತು. ರಬ್ಬರ್ ಬಿರಡೆ ತುರುಕಿ ಮುಚ್ಚಿದ್ದರು.

"ಡ್ರೈವಿಂಗ್ ಸ್ಕೂಲಿನ ಕಾರಕ್ಕ ಇದು" ಪಿಸುದನಿಯಲ್ಲಿ ಅಂದ. "ಕಲಿಸೋರಿಗೆ ಈ ಕಡೆ ಇನ್ನೊಂದು ಬ್ರೇಕ್ ಇರುತ್ತಲ್ಲ... ಅದನ್ನ ಕಿತ್ತಿದ್ದಾರೆ."

ಅಕ್ಕ ಬಗ್ಗಿ ಆ ಬಿರಡೆಗಳನ್ನು ಬೆರಳಿಂದ ಒತ್ತಿ ನೋಡಿದಳು.

"ನಿಮಗೂ ಬಡಿದು ತೋರಿಸ್ತಾರಾ... ನಿಲ್ಲಿಸು ಅಂತ?"

ಅಕ್ಕ ಹೌದೆಂದು ತಲೆಯಾಡಿಸಿದಳು. ಏನು ಮಾಡೋದು ಈಗ ಅಂತ ಕೇಳಿದಳು.

"ಬಿಚ್ಚೋಕೆ ನನಗೆ ಇನ್ನೇನೂ ಉಳಿದಿಲ್ಲ. ಮಾರಿಬಿಡಿ."

"ಇನ್ನೊಬ್ಬರ ಮಗಳ ತಲೆಗೆ ಕಟ್ಟಲಾ?"

ಅವನು ಕನ್ನಡಕ ಒರೆಸಿಕೊಂಡ.

ಬ್ರೋಕರ್‌ಗೆ ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಮಗಳಿಗೆ ಹೇಳಿದರೆ ನಗುತ್ತಾಳೆ. ಕಾರು ಮುಟ್ಟಬೇಡ ಅಂದರೆ ಹಟ ಹಿಡಿಯುತ್ತಾಳೆ, ತಾಯಿಯದೇ ಹಟ. ಕೊನೆಗೆ ಅಕ್ಕ ತನಗೆ ಗೊತ್ತಿದ್ದ ಒಂದೇ ರಿಪೇರಿ ಮಾಡಿದಳು. ಗಿರಣಿಯ ದೊಡ್ಡ ಗೋಧಿ ಮೂಟೆಯೊಂದನ್ನು ಪಕ್ಕದ ಸೀಟಿನಲ್ಲಿ ಕೂರಿಸಿದಳು. ಎತ್ತಿಡಲು ನಾನೂ ಕೈ ಕೊಟ್ಟೆ, ನಮ್ಮಿಬ್ಬರಿಗೂ ಏದುಸಿರು ಬಂತು. ಅಕ್ಕ ಅದಕ್ಕೆ ಬೆಲ್ಟ್ ಎಳೆದು ಹಾಕಿದಳು. ಕ್ಲಿಕ್.

"ಅಪ್ಪನಿಗೂ ಇಷ್ಟು ಉಪಚಾರ ಮಾಡಿರಲಿಲ್ಲ ನೀನು" ಅಂದಳು ಮಗಳು.

ಭಾರ ಇದ್ದರೆ ಸ್ಟೀರಿಂಗ್ ಎಳೆಯಲ್ಲ, ಗ್ಯಾರೇಜಿನವರೇ ಹೇಳಿದ್ದು ಅಂತ ಅಕ್ಕ ಸಮಾಧಾನ ಹೇಳಿದಳು. ತೆಗೆಯಬೇಡ ಅಂತ ಮಗಳ ಕೈಯಲ್ಲಿ ಆಣೆ ಮಾಡಿಸಿಕೊಂಡಳು. ಅದನ್ನ ತೆಗೆಯೋಕೆ ಇಬ್ಬರು ಗಂಡಸರು ಬೇಕಮ್ಮಾ ಅಂತ ನಗುತ್ತಲೇ ಹೊರಟಳು ಹುಡುಗಿ.

ಮಗಳು ಒಬ್ಬಳೇ ಹೋದ ಮೊದಲ ರಾತ್ರಿ. ಅಕ್ಕ ಗೇಟಿನ ಹತ್ತಿರ, ಗೋಡೆಯ ಈಚೆ ನಾನು. ದೂರದಲ್ಲಿ ಯಾವ ಗಾಡಿಯ ಸದ್ದು ಕೇಳಿದರೂ ಅಕ್ಕ ಕತ್ತು ಚಾಚುತ್ತಿದ್ದಳು. ಅವಳಲ್ಲ. ಇನ್ನೊಂದು. ಅದೂ ಅಲ್ಲ.

ಕೊನೆಗೆ ಬಂತು. ನೆಟ್ಟಗೆ ಬಂತು. ಆ ಇಕ್ಕಟ್ಟು ಗೇಟಿನೊಳಗೆ ಒಂದೇ ಸಲಕ್ಕೆ, ಹಿಮ್ಮುಖವಾಗಿ, ಚೂರೂ ತಾಗಿಸದೆ ತಂದು ನಿಲ್ಲಿಸಿದಳು. ಹಿಂದಿನ ದಿನದವರೆಗೂ ಅವಳಿಗೆ ರಿವರ್ಸ್ ಬರುತ್ತಿರಲಿಲ್ಲ.

"ಬಾವಿ ಹತ್ರ ಏನಾದ್ರೂ..." ಅಂದಳು ಅಕ್ಕ.

"ಏನೂ ಇಲ್ಲಮ್ಮ. ಬದಿಗೆ ಹಾಕಿ ನಿಲ್ಲಿಸಿದೆ, ಆಮೇಲೆ ಹೊರಟೆ."

"ಯಾಕೆ ನಿಲ್ಲಿಸಿದೆ?"

ಮಗಳು ಅವಳ ಮುಖ ನೋಡಿದಳು. "ಅಲ್ಲಿ ನಿಲ್ಲಿಸಬೇಕಲ್ವಾ?"

ಅಷ್ಟೇ ಅಂದು ಆಕಳಿಸುತ್ತಾ ಒಳಗೆ ಹೋದಳು.

ಅಕ್ಕ ಕಾರಿನ ಬಾಗಿಲು ತೆಗೆದಳು. ನಾನೂ ಗೋಡೆ ಸುತ್ತಿ ಬಂದು ಬಗ್ಗಿ ನೋಡಿದೆ.

ಆಮೇಲೆ ಅಕ್ಕ ಯಾವ ಗ್ಯಾರೇಜಿಗೂ ಹೋಗಲಿಲ್ಲ. ಮಗಳು ಈಗಲೂ ಅದೇ ಕಾರಿನಲ್ಲಿ ಪಾಳಿಗೆ ಹೋಗುತ್ತಾಳೆ. ಅಕ್ಕ ಈಗಲೂ ಗೇಟಿನಲ್ಲಿ ನಿಲ್ಲುತ್ತಾಳೆ, ಮಾಡಲು ಅವಳಿಗೆ ಬೇರೆ ಏನೂ ಉಳಿದಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಆ ರಾತ್ರಿ ಕಾರಿನೊಳಗೆ ನೋಡಿದವರಲ್ಲಿ ನಾನೂ ಒಬ್ಬಳು. ಗೋಧಿ ಮೂಟೆ ಹಿಂದಿನ ಸೀಟಿನಲ್ಲಿತ್ತು. ಬಾಯಿಗೆ ಕಟ್ಟಿದ ದಾರ ಬಿಚ್ಚಿರಲಿಲ್ಲ, ಒಂದು ಕಾಳೂ ಚೆಲ್ಲಿರಲಿಲ್ಲ. ಮುಂದೆ, ಖಾಲಿ ಸೀಟಿಗೆ, ಬೆಲ್ಟ್ ಹಾಕಿಯೇ ಇತ್ತು.