ಹಲ್ಲಿನ ಡಾಕ್ಟ್ರ ಈಜುಕೊಳ

ಸಂಜೆಯಿಂದ ಮಳೆ ಸುರಿಯುತ್ತಿತ್ತು. ಕರೆಂಟು ಹೋಗಿತ್ತು. ಹಿತ್ತಲಿನ ಈಜುಕೊಳವನ್ನು ಮುಚ್ಚಲು ಬೆಳಗ್ಗೆ ಲಾರಿಗಳಲ್ಲಿ ಮಣ್ಣು ಬರುವುದಿತ್ತು. ಮುಚ್ಚಿಸಿಬಿಡೋಣ ಎಂದವಳು ನಾನೇ. ಅದನ್ನು ದಿನವೂ ಉಜ್ಜಿ ನೋಡಿಕೊಳ್ಳುತ್ತಿದ್ದವರು ನನ್ನ ಗಂಡ. ಅವರು ತೀರಿಕೊಂಡ ಮೇಲೆ ಆ ಕಡೆ ಹೋಗುವುದು ನನ್ನಿಂದ ಆಗಿರಲಿಲ್ಲ.

ನಾದಿನಿ ಮೇಣದಬತ್ತಿ ತಂದು ಮೇಜಿನ ಮೇಲಿಟ್ಟಳು. ನನ್ನ ಗಂಡನ ಸೋದರತ್ತೆ, ನಾನು ದೊಡ್ಡತ್ತೆ ಎನ್ನುವವರು, ಕುರ್ಚಿಯ ಮೇಲೆ ಕಾಲೆತ್ತಿಟ್ಟು ಕೂತರು. ಯಾರೂ ಕೇಳದೆಯೇ ಶುರುಮಾಡಿದರು.

"ನಮ್ಮ ಪಕ್ಕದ ಮನೇಲಿ ಒಬ್ಬ ಹಲ್ಲಿನ ಡಾಕ್ಟ್ರಿದ್ರು ಕಣ್ರೇ. ಅವರ ಮನೇಲೂ ಹೀಗೇ ಒಂದು ಕೊಳ. ಆ ಮನುಷ್ಯ ಬೆಳಗ್ಗೆ ಎದ್ದು ಮೊದಲು ಬಲೇಲಿ ಎಲೆ ಎತ್ತಿ, ಆಮೇಲೆ ಉದ್ದ ಕೋಲಿನ ಬ್ರಷ್ಷು ಹಿಡ್ಕೊಂಡು ಗೋಡೆ ಉಜ್ಜೋರು... ಹೇಗೆ ಅಂತೀರಿ? ಹಲ್ಲುಜ್ಜಿದ ಹಾಗೆ! ಮೇಲಿಂದ ಕೆಳಕ್ಕೆ, ಮೇಲಿಂದ ಕೆಳಕ್ಕೆ, ಅಡ್ಡ ಮಾತ್ರ ಎಳೀತಿರಲಿಲ್ಲ, ಎಳೆದ್ರೆ ಕೊಳೆ ಎದ್ದು ನೀರೆಲ್ಲ ಕದಡುತ್ತೆ ಅಂತ. ಮುಗಿದ ಮೇಲೆ ಬ್ರಷ್ಷಿನ ತಲೆ ಮೇಲಾಗಿ ಗೋಡೆಗೆ ಒರಗಿಸೋರು, ಲೋಟದಲ್ಲಿ ಇಟ್ಟ ಹಾಗೆ. 'ಈ ಕೊಳಕ್ಕೆ ಮಾಡೋ ಮುದ್ದಲ್ಲಿ ಕಾಲುಭಾಗ ನನಗೆ ಮಾಡಬಾರದಾ' ಅಂತ ಹೆಂಡ್ತಿ ರೇಗಿಸೋರು."

ನಾದಿನಿ ನಕ್ಕಳು.

"ನಗು, ನಗು. ಒಂದು ದಿನ ಡಾಕ್ಟ್ರು ಹೋಗ್ಬಿಟ್ರು. ಆಯಮ್ಮ ಕೊಳದ ಕಡೆ ತಿರುಗಿಯೂ ನೋಡಲಿಲ್ಲ. ಪಂಪು ಹಾಕಲಿಲ್ಲ, ಕ್ಲೋರಿನ್ ಹಾಕಲಿಲ್ಲ. ಪಾಚಿ ಕಟ್ಟಬೇಕೋ ಬೇಡ್ವೋ? ಕಟ್ಟಲಿಲ್ಲ! ತಳದ ಟೈಲು ಒಂದೊಂದೂ ಕಾಣ್ತಿತ್ತು. ಆಯಮ್ಮಂಗೆ ಭಯಕ್ಕಿಂತ ಕುತೂಹಲವೇ ಜಾಸ್ತಿ. ಸಂಜೆ ಒಂದು ಬುಟ್ಟಿ ಒಣಗಿದೆಲೆ ಸುರಿದು ಬಂದ್ರು. ಬೆಳಗ್ಗೆ ನೋಡಿದ್ರೆ ಒದ್ದೆ ಎಲೆಯೆಲ್ಲ ದಂಡೇಲಿ ಗುಡ್ಡೆ, ಬ್ರಷ್ಷು ತಲೆ ಮೇಲಾಗಿ ನಿಂತಿದೆ... ಬರ್ತಾರಲ್ಲ, ಅಷ್ಟು ಸಾಕು ಅಂತ ಕುಣಿದಾಡಿಬಿಟ್ರು, ಪಾಪ. ಆಮೇಲೆ ದಿನಾ ಸಂಜೆ ಏನಾದ್ರೂ ಹಾಕೋದೇ... ಹಿಡಿ ಮಣ್ಣು, ಬಕೆಟ್ ಮಣ್ಣು, ಕೊನೆಗೆ ಹೂವಿನ ಕುಂಡಗಳನ್ನೇ ಬೋರಲು ಹಾಕಿದ್ರು, ಕೆಲಸ ಜಾಸ್ತಿಯಾದ್ರೆ ಜಾಸ್ತಿ ಹೊತ್ತು ಇರ್ತಾರೆ ಅಂತ! ಒಂದು ಬೆಳಗ್ಗೆ ಹೋಗಿ ನೋಡ್ತಾರೆ, ಅರ್ಧ ಮಣ್ಣು ಇನ್ನೂ ತಳದಲ್ಲೇ ಇದೆ, ಕೋಲು ತಾನೇ ತಾನಾಗಿ ಮೇಲಿಂದ ಕೆಳಕ್ಕೆ ಆಡ್ತಿದೆ... ಪಕ್ಕದಲ್ಲೇ ಏದುಸಿರು. ಸುಸ್ತಾದವರ ಏದುಸಿರು. ಯಾರೂ ಕಾಣ್ತಿಲ್ಲ. ಆಯಮ್ಮ ಕೋಲು ಹಿಡ್ಕೊಂಡು 'ಬಿಡಿ, ಇನ್ನು ನಾನು ಮಾಡ್ತೀನಿ' ಅಂದ್ರು. ಆವಾಗ ಕೋಲು ಹಗುರಾಯ್ತು. ಅವತ್ತಿಂದ ತಾವು ಸಾಯೋವರೆಗೂ ಆಯಮ್ಮನೇ ಉಜ್ಜಿದ್ರು."

ಮಳೆ ಸ್ವಲ್ಪ ತಗ್ಗಿತ್ತು.

"ಅತ್ತಿಗೆ ಮುಂದೆ ಇದೆಲ್ಲ ಬೇಕಿತ್ತಾ ಅತ್ತೆ?" ಎಂದಳು ನಾದಿನಿ.

"ಅವಳಿಗೇ ಹೇಳ್ತಿರೋದು. ನಮ್ಮ ಕೊಳಾನ ಈಗ ಯಾರೇ ಉಜ್ಜೋದು, ನೀನಾ?"

"ನಾನ್ಯಾಕೆ? ಅತ್ತಿಗೆ ಅಂದ್ಕೊಂಡಿದ್ದೆ."

ನಾನಲ್ಲವೆಂದು ತಲೆಯಾಡಿಸಿದೆ.

"ಸಂಜೆ ಹೋಗಿ ನೋಡ್ಕೊಂಡು ಬಂದೆ. ಇಷ್ಟು ಮಳೇಲೂ ತಳ ಕಾಣ್ತಿದೆ." ದೊಡ್ಡತ್ತೆ ಮೇಣದಬತ್ತಿಯನ್ನು ಪಕ್ಕಕ್ಕೆ ಸರಿಸಿ ನನ್ನ ಮುಖ ನೋಡಿದರು. "ಮುಚ್ಚಿಸು, ನಾನು ಬೇಡ ಅನ್ನಲ್ಲ. ಆದ್ರೆ ಲಾರಿ ಲಾರಿ ಮಣ್ಣು ಮಗಳೇ... ಅಷ್ಟನ್ನೂ ಅವನೊಬ್ಬನೇ ಯಾವಾಗ ಎತ್ತಿ ಮುಗಿಸ್ತಾನೆ?"