ಎಂಟು ಫಾರ್ಮಿನ ಶಾಂತಾ

...ಅಲ್ಲ, ಹಂಗಲ್ಲ, ನನ್ನ ಮೊದಲ್ನೇ ಕಾದಂಬರಿದು ಹೇಳ್ತೀನಿ, ಕೇಳ್ರಿ. ಆಗ ನಾವು ಮುಲುಂಡದ ಚಾಳಿನಾಗ ಒಂದ ಖೋಲಿಯೊಳಗ ಇದ್ವಿ. ಐವತ್ಮೂರೋ ಐವತ್ನಾಕೋ, ಇರ್ಲಿ ಬಿಡ್ರಿ. ನಿಮ್ಮ ಅಜ್ಜಂದು ಗಿರಣಿ ಆಫೀಸಿನ ನೌಕರಿ ಹೋಗಿತ್ತು. ನಾನು ಮಧ್ಯಾಹ್ನ ಭಾಂಡಿ ತಿಕ್ಕಿಟ್ಟು ಗ್ಯಾಲರಿಯಾಗ ಕುಂತು ಬರೀತಿದ್ದೆ. ನಮ್ಮ ಅತ್ತಿ ಬಾಯಿ ಭಾಳ ಜೋರು. "ಏನವಾ, ಗೀಚಿದ್ರ ಒಲಿ ಹೊತ್ತತದೇನು? ಇದೊಂದು ಪುಸ್ತಕ ನೋಡ್ತೀನಿ. ಮನಿ ನಡೀತೋ, ಬರಿ. ಇಲ್ಲೋ, ಪೆನ್ನು ಇಟ್ಟು ನನ್ನ ಜೋಡಿ ಹಪ್ಪಳ ಲಟ್ಟಸು" ಅಂದ್ರು. ಅವರದೂ ತಪ್ಪಿಲ್ಲ, ಹೊಟ್ಟಿ ಎಲ್ಲಾರಿಗೂ ಅದ. ಆದ್ರ ನನ್ನ ಜೀವಾನ ಹೋದಂಗಾತು.

ನನ್ನ ಕಥಿಯೊಳಗಿನ ಹುಡುಗಿ ಶಾಂತಾ. ಹೊಡಿಯೋ ಗಂಡನ್ನ ಬಿಟ್ಟು, ಜೋಗೇಶ್ವರಿ ಕಾರಖಾನಿಯೊಳಗ ಕೆಲಸ ಹಿಡದು, ಸ್ವಂತ ಖೋಲಿ ಮಾಡ್ತಾಳ. ನಾ ಜೋಗೇಶ್ವರಿ ಎಲ್ಲೆ ನೋಡಿದ್ದೆ? ನಿಮ್ಮ ಅಜ್ಜನ್ನ ಎಳಕೊಂಡು, ದಾದರಿನಾಗ ಲೋಕಲ್ ಬದಲಿಸಿ ಹೋಗಿ, ಕಾರಖಾನಿ ಗೇಟಿನ ಮುಂದ ನಿಂತು, ಪಾಳಿ ಮುಗಿದು ಸುಟ್ಟಿ ಆದಮ್ಯಾಲ ಹೆಣ್ಣಮಕ್ಕಳು ಹೆಂಗ ನಡೀತಾರ, ಏನು ಮಾತಾಡ್ತಾರ ಅಂತ ನೋಡಿದೆ. ಅಜ್ಜ, "ಏ, ವಾಚಮನ್ ನೋಡ್ಲಿಕ್ಹತ್ಯಾನ, ನಡಿ ನಡಿ!" ಅಂತ ಸೆರಗು ಜಗ್ಗಾಕತ್ರು.

ಹುಬ್ಬಳ್ಳಿ ಪ್ರಕಾಶಕರು ತಿಂಗಳಿಗೊಂದು ಕಾದಂಬರಿ ಛಾಪಿಸಿ ಚಂದಾದಾರರಿಗೆ ಟಪಾಲಿನಾಗ ಕಳಸ್ತಿದ್ರು. ಹದಿನಾರು ಪಾನಕ್ಕ, ಅಂದ್ರ ಪುಟಕ್ಕ, ಒಂದು ಫಾರ್ಮು, ಒಂದು ಪುಸ್ತಕಕ್ಕ ಎಂಟ ಫಾರ್ಮು. "ಮೀರಬ್ಯಾಡ್ರಿ" ಅಂತ ಮೊದಲ ಬರದಿದ್ರು. ನಾ ಖೋಡಿ, ಹತ್ತು ಫಾರ್ಮಿನಷ್ಟು ಬರದು ಕಳಿಸಿದೆ, ಓದಿದ್ರ ತಾವಾಗಿ ಜಾಗಾ ಕೊಡ್ತಾರ ಅಂದ್ಕೊಂಡೆ. ಸೊಕ್ಕು ಅನ್ರಿ ಬೇಕಾದ್ರ.

ಪುಸ್ತಕ ಬಂತು. ಕಡೀ ಪಾನ ತಗದೆ. ಎಂಟನೇ ಫಾರ್ಮಿಗೆ ಕತ್ತರಿ! ಶಾಂತಾ ಖೋಲಿ ಹಿಡಿಯೋದ ಇಲ್ಲ. ಕೆಳಗ ಆ ಪುಣ್ಯಾತ್ಮ ಪ್ರಕಾಶಕ ತಾನ ಎರಡು ಸಾಲು ಸೇರಿಸ್ಯಾನ: "ಶಾಂತಾ ಕಣ್ಣೀರು ಒರೆಸಿಕೊಂಡು ಪತಿಯ ಪಾದಕ್ಕೆರಗಿದಳು. ಸಂಸಾರ ನಂದನವನವಾಯಿತು." ನಂದನವನ ಅಂತ, ಅವನ ತಲಿ! ನಾ ಗೊಳೋ ಅಂತ ಅತ್ತೆ. ಅತ್ತಿ ಓದಿ, "ಎಲ್ಲಾ ಬಿಡು, ಕಡೀ ಎರಡು ಸಾಲು ಮಾತ್ರ ಎಷ್ಟ್ ಛಂದ ಬರದೀಯವಾ!" ಅಂದ್ರು. "ಅತ್ತೀ, ಅದು ನಂದಲ್ರೀ!" ಅಂತ ಒದರಿದೆ, ಇಡೀ ಚಾಳ ಹೊರಗ ಬಂತು. ಓದುಗರ ಪತ್ರ ಬಂದ್ವು, ಅವರೂ ಅದನ್ನ ಹೊಗಳಿದ್ರು. ಪ್ರಕಾಶಕರು, "ಹಿಂಗ ಇನ್ನೊಂದು ಕಳಸ್ರಿ" ಅಂತ ಮನಿ ಆರ್ಡರ್ ಮಾಡಿದ್ರು. ಸಿಟ್ಟು ಅಂದ್ರ ಸಿಟ್ಟು, ಆದ್ರ ಅಕ್ಕಿ ಬಂತು.

ಬರದೆ. ಬರೀದ ಏನ್ ಮಾಡ್ಲಿ? ಹದಿಮೂರು ಬರದೆ, ಅಲ್ಲಲ್ಲ, ಹದಿನಾಕು. ಪಾನ ಎಣಿಸಿ ಎಣಿಸಿ, ಎಂಟನೇ ಫಾರ್ಮಿನಾಗ ಲಗ್ನನೋ ಪಾದನೋ ಇಟ್ಟೆ. ಆದ್ರ ನನಗ ಹೇಳಬೇಕಾದದ್ದೆಲ್ಲಾ ನಾಕನೇ ಫಾರ್ಮಿನಾಗ ಹೇಳಿ ಮುಗಿಸಿಬಿಡ್ತಿದ್ದೆ. ಕತ್ತರಿ ಬಾಲಕ್ಕ ಬರತದ, ನಡಕ್ಕ ಬರಂಗಿಲ್ಲ. ಶಾಂತಾನ ಖೋಲಿ ಮಾತ್ರ ಹೋತು, ಇವತ್ತಿಗೂ ಹೊಟ್ಟಿ ಉರೀತದ.

ಅದಕ್ಕ ಹೇಳ್ತೀನಿ, ಪಾತೇಲಿ ನೋಡಿ ಅಕ್ಕಿ ಹಾಕ್ರಿ. ಇಲ್ಲಾಂದ್ರ ಉಕ್ಕಿದಾಗ ಎಷ್ಟು ಚೆಲ್ಲಬೇಕು ಅನ್ನೋದು ಮತ್ತೊಬ್ಬರ ಕೈಯಾಗ ಹೋಗ್ತದ. ಏಳ್ರಿ ಇನ್ನ.