ಅಪ್ಪ ಒಪ್ಪಿಸಿಕೊಂಡ ಪಾಠ

ಸಭೆಯ ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರೇ, ದೂರದಿಂದ ಬಂದ ಅತಿಥಿಗಳೇ, ನನ್ನನ್ನು ತಿದ್ದಿ ತೀಡಿದ ಔಷಧಶಾಸ್ತ್ರ ವಿಭಾಗದ ಗುರುಗಳೇ, ಊಟದ ಹೊತ್ತು ಮೀರಿದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ಹೆದರಬೇಡಿ, ಹೆಚ್ಚು ಮಾತಾಡುವುದಿಲ್ಲ. ಅತಿಯಾದರೆ ಅಮೃತವೂ ವಿಷ ಎಂಬುದೇ ನಮ್ಮ ಶಾಸ್ತ್ರದ ಮೊದಲ ಪಾಠ.

ಕೃತಜ್ಞತೆಯ ನಾಲ್ಕು ಸಾಲು ಬರೆದುಕೊಂಡು ಬಂದಿದ್ದೆ. ಆದರೆ ಅಧ್ಯಕ್ಷರು ಈಗಷ್ಟೇ ಹೇಳಿದರು: ಈಕೆಯಿಂದ ದಿನಾ ಪಾಠ ಒಪ್ಪಿಸಿಕೊಂಡವರು ಇವಳ ದಿವಂಗತ ತಂದೆ, ಈ ಚಿನ್ನದ ಪದಕದಲ್ಲಿ ಅವರದೂ ಪಾಲಿದೆ ಎಂದು. ನಿಜ. ಎಷ್ಟು ಪಾಲು ಎಂಬುದನ್ನು ಹೇಳದೆ ಪದಕವನ್ನು ಮನೆಗೆ ಒಯ್ಯಲಾರೆ.

ನಮ್ಮಪ್ಪ ದರ್ಜಿ. ಏಳನೇ ತರಗತಿಯವರೆಗೆ ಓದಿದವರು. ಮನೆಯ ಮುಂಗೋಣೆಯೇ ಅವರ ಅಂಗಡಿ. ಸ್ನಾತಕೋತ್ತರದ ಎರಡನೇ ವರ್ಷ, ಬೆಳಿಗ್ಗೆ ಓದಿದ ಔಷಧ ಸಂಜೆಗೆ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಒಂದು ದಿನ ಹೊಲಿಗೆ ಯಂತ್ರದ ಪಕ್ಕ ಕೂತು ಅತ್ತುಬಿಟ್ಟೆ. ಅಪ್ಪ ತುಳಿಯುವುದನ್ನು ನಿಲ್ಲಿಸಲಿಲ್ಲ.

"ನಮ್ಮ ಭಾಷೇಲಿ ಚೀಟಿ ಬರ್ಕೊಡು. ನಾನು ಕೇಳ್ತೀನಿ, ನೀನು ಹೇಳು. ಅಳೋದಕ್ಕೆ ಪರೀಕ್ಷೆ ಮುಗಿದ ಮೇಲೂ ಟೈಮಿದೆ."

ಒಂದೊಂದು ಔಷಧಕ್ಕೆ ಎರಡು ಚೀಟಿ. ಒಂದರಲ್ಲಿ ಉಪಯೋಗ, ಇನ್ನೊಂದರಲ್ಲಿ ಅಡ್ಡಪರಿಣಾಮ. ಉಪಯೋಗಗಳು ನನಗೆ ಬಾಯಿಪಾಠವಾಗಿದ್ದವು, ಆ ಚೀಟಿಗಳನ್ನು ಕಟ್ಟಿ ಕಪಾಟಿನ ಮೇಲಿಟ್ಟೆ. ಹಾಗಾಗಿ ಅಪ್ಪ ಆ ವರ್ಷವಿಡೀ ಓದಿದ್ದು, ಕೇಳಿದ್ದು, ಕಲಿತದ್ದು ಬರೀ ಕೆಡುಕು. ಅಳತೆ ಕೊಡಲು ಬಂದವರಿಗೆ, "ಆ ಕೆಮ್ಮಿನ ಔಷಧ ಕುಡಿದು ಗಾಡಿ ಓಡಿಸ್ಬೇಡಿ, ನಿದ್ದೆ ಬರುತ್ತೆ" ಎಂದು ಬುದ್ಧಿ ಹೇಳುತ್ತಿದ್ದರು. ಗಿರಾಕಿಗಳು 'ಡಾಕ್ಟ್ರಪ್ಪ' ಎಂದು ಕರೆದರೆ ಮುಖ ಅರಳುತ್ತಿತ್ತು.

ಅಪ್ಪನಿಗೆ ಎದೆಬಡಿತದ ಲಯ ತಪ್ಪಿತ್ತು. ರಕ್ತ ಹೆಪ್ಪುಗಟ್ಟದಿರಲೆಂದು ದಿನಕ್ಕೊಂದು ಮಾತ್ರೆ ನುಂಗುತ್ತಿದ್ದರು. ಒಂದು ಸಂಜೆ ಆ ಮಾತ್ರೆಯ ಚೀಟಿಯೇ ಅವರ ಕೈಗೆ ಬಂತು.

"ರಕ್ತಸ್ರಾವ," ಎಂದೆ. "ವಸಡಲ್ಲಿ, ಹೊಟ್ಟೇಲಿ, ಮೆದುಳಲ್ಲಿ."

"ತಲೆ ಒಳಗೂನಾ?"

"ಹೂಂ ಅಪ್ಪ, ಪ್ರಾಣಕ್ಕೇ ಅಪಾಯ. ಎಲ್ಲಾ ಹೇಳಿದ್ನಾ?"

"ಒಂದೂ ಬಿಡಲಿಲ್ಲ ಮಗಳೇ."

ನಾನು ಮುಂದಿನ ಚೀಟಿ ಕೇಳಿದೆ. ಅದು ಅವರದೇ ಮಾತ್ರೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ತಿಂಗಳಿಗೊಮ್ಮೆ ತಂದುಕೊಡುತ್ತಿದ್ದವಳೇ ನಾನು. ಆದರೆ ಆ ಹೊತ್ತಿನಲ್ಲಿ ನನ್ನ ಮುಂದೆ ಕೂತಿದ್ದದ್ದು ಅಪ್ಪನಲ್ಲ, ಪರೀಕ್ಷೆ.

ಮೂರು ವಾರದ ನಂತರ, ಗಿರಾಕಿಯೊಬ್ಬರ ಭುಜದ ಅಳತೆ ತೆಗೆಯುತ್ತಿದ್ದಾಗ ಅಪ್ಪ ಕುಸಿದರು. ಬಲಗೈ ಬಿತ್ತು, ಮಾತು ಹೋಯಿತು. ತುರ್ತು ಘಟಕದಲ್ಲಿದ್ದ ನನ್ನ ಹಿರಿಯ ವೈದ್ಯೆ ಕೇಳಿದರು, "ಮಾತ್ರೆ ತಪ್ಪಿಸಿದ್ರಾ?"

"ನಾನು ಮನೇಲಿರುವಾಗ ಹೇಗೆ ತಪ್ಪುತ್ತೆ ಮೇಡಂ?"

ರಕ್ತದ ವರದಿ ಬಂದಾಗ ಅವರು ದನಿ ತಗ್ಗಿಸಿದರು. "ಔಷಧದ ಪರಿಣಾಮವೇ ಕಾಣ್ತಿಲ್ಲ ಕಣೇ. ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿದೆ."

ಮನೆಗೆ ಬಂದು ಹುಡುಕಿದೆ. ಗುಂಡಿಗಳ ಡಬ್ಬಿಯ ತಳದಲ್ಲಿ ಇಪ್ಪತ್ತೆರಡು ಮಾತ್ರೆಗಳಿದ್ದವು. ಅಪ್ಪ ಇನ್ನೂ ಒಂಬತ್ತು ದಿನ ಬದುಕಿದ್ದರು. ಯಾಕಪ್ಪ ಹೀಗೆ ಮಾಡಿದೆ ಎಂದು ಕೇಳಿದೆ. ನನ್ನನ್ನೇ ನೋಡಿದರು.

ಅಂತಿಮ ಪರೀಕ್ಷೆಯಲ್ಲಿ ಬಂದದ್ದೂ ಆ ಔಷಧವೇ. ಆರು ಪುಟ ಬರೆದೆ. ಒಂದೂ ಬಿಡಲಿಲ್ಲ.

ಇದು ನಿನ್ನ ತಪ್ಪಲ್ಲ ಎಂದು ಗುರುಗಳು ಹೇಳಿದ್ದಾರೆ. ಹಾಗಾದರೆ ಯಾರ ತಪ್ಪು? ಔಷಧದ್ದೇ? ಮಗಳ ಮಾತು ನಂಬಿದ ಅಪ್ಪನದೇ? ಈಗ ರೋಗಿಗಳೆದುರು ಕೂತಾಗ ಅಪಾಯ ಮುಚ್ಚಿಟ್ಟರೆ ಮೋಸ, ಹೇಳಿದರೆ ಭಯ. ಎಷ್ಟು ಹೇಳಬೇಕೆಂಬ ಪ್ರಮಾಣ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ನಮ್ಮಮ್ಮ ಇಲ್ಲೇ ಮೂರನೇ ಸಾಲಿನಲ್ಲಿದ್ದಾರೆ. ಆ ಡಬ್ಬಿಯ ವಿಷಯ ಅವರಿಗೆ ಇವತ್ತಿನವರೆಗೂ ಗೊತ್ತಿರಲಿಲ್ಲ. "ಮಗಳು ಡಾಕ್ಟರಾಗಿದ್ದಕ್ಕೇ ಅಷ್ಟು ದಿನವಾದ್ರೂ ಉಳಿದ್ರು" ಎಂದು ಬಂದವರಿಗೆಲ್ಲ ಹೇಳುತ್ತಾರೆ. ಹಾಗಲ್ಲ ಅಮ್ಮ. ನಾನು ಈ ಓದು ಓದದೇ ಇದ್ದಿದ್ದರೆ ಅಪ್ಪ ಸುಮ್ಮನೆ ಮಾತ್ರೆ ನುಂಗುತ್ತಿದ್ದರು. ಮನೆಯಲ್ಲಿ ಎಷ್ಟೋ ಸಲ ಬಾಯಿ ತೆರೆದೆ. ನಿನ್ನ ಮುಖ ನೋಡಿ ಧೈರ್ಯ ಸಾಲಲಿಲ್ಲ.

ಮೂರನೇ ಸಾಲಿನವರು ದಯವಿಟ್ಟು ಕಾಲು ಸರಿಸಿ, ಅಮ್ಮನಿಗೆ ದಾರಿ ಬಿಡಿ. ಹೊರಗೆ ಹೋಗಲಿ. ಯಾರೂ ತಡೆಯಬೇಡಿ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ನಾನು ಋಣಿ. ಚಪ್ಪಾಳೆ ಬೇಡ. ನಮಸ್ಕಾರ.